ರೇಡಿಯೇಟರ್‌ನಿಂದ ಸಿರಪ್ ಬಾಟಲಿವರೆಗೆ: ಗ್ಲೈಕಾಲ್ ಅನ್ನೋ ಸಿಹಿ ದ್ರವದ ಕಥೆ

ಇವತ್ತಿನ ಸಂಚಿಕೆ ಒಂದು ದ್ರವದ ಬಗ್ಗೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನೀರಿಗಿಂತ ಸ್ವಲ್ಪ ಮಂದ, ಸಕ್ಕರೆ ಪಾಕ ಎಳೆ ಬರೋಕೆ ಮುಂಚೆ ಹೇಗಿರುತ್ತೋ ಹಾಗೆ. ರುಚಿ ಸಿಹಿ. ನೀವು ಪರೀಕ್ಷೆ ಮಾಡೋಕೆ ಹೋಗಬೇಡಿ, ಬೇರೆಯವರು ಮಾಡಿ ಬರೆದಿಟ್ಟಿದ್ದಾರೆ.

ಇದರ ಹೆಸರು ಎಥಿಲೀನ್ ಗ್ಲೈಕಾಲ್. ಹೆಸರು ಕೇಳಿಲ್ಲ ಅಂದ್ರೂ ನೀವು ಇದರ ಜೊತೆ ದಿನಾ ಬದುಕ್ತಾ ಇದ್ದೀರಿ. ನೀವು ಹಾಕ್ಕೊಂಡಿರೋ ಟೀ ಶರ್ಟ್‌ನಲ್ಲಿ ಪಾಲಿಯೆಸ್ಟರ್ ಇದ್ರೆ ಅದರ ಅರ್ಧ ಹುಟ್ಟು ಇದರಿಂದ. ಬ್ಯಾಗಲ್ಲಿರೋ ನೀರಿನ ಪೆಟ್ ಬಾಟಲಿಯೂ ಹಾಗೇ. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಕಾರಿನ ಬಾನೆಟ್ ಎತ್ತಿ ಹಸಿರು ಬಣ್ಣದ ನೀರು ಸುರೀತಾನಲ್ಲ, ಕೂಲೆಂಟ್ ಅಂತಾರಲ್ಲ, ಅದು ಹೆಚ್ಚಾಗಿ ಇದೇ. ಹಸಿರು ಅನ್ನೋದು ಬರೀ ಸೇರಿಸಿದ ಬಣ್ಣ.

ಈಗ ಇನ್ನೊಂದು ವಿಷಯ. 2025ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಿಂದ ಬಂದ ಸುದ್ದಿ ನಿಮಗೆ ನೆನಪಿರಬೇಕು. ಕೆಮ್ಮಿನ ಸಿರಪ್ ಕುಡಿದ ಪುಟ್ಟ ಮಕ್ಕಳಿಗೆ ಮೂತ್ರ ನಿಂತುಹೋಯ್ತು, ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ತೀರಿಕೊಂಡ್ರು. ಆ ಸಿರಪ್‌ನಲ್ಲಿ ಸಿಕ್ಕಿದ್ದು ಈ ಗ್ಲೈಕಾಲ್‌ನ ತಮ್ಮ, ಡೈಎಥಿಲೀನ್ ಗ್ಲೈಕಾಲ್. ರೇಡಿಯೇಟರ್‌ಗೆ ಹೋಗಬೇಕಾದ ಪದಾರ್ಥ ಮಗುವಿನ ಚಮಚಕ್ಕೆ ಹೇಗೆ ಬಂತು? ಇದು ಮೊದಲ ಸಲವೂ ಅಲ್ಲ. ಸುಮಾರು 90 ವರ್ಷದಿಂದ ಇದು ಮತ್ತೆ ಮತ್ತೆ ಆಗ್ತಾ ಇದೆ. ಪ್ರತಿ ಸಲವೂ ಕಥೆಯ ನಡುವೆ ಒಂದು ಡ್ರಮ್ ಇರುತ್ತೆ. ಆ ಡ್ರಮ್ಮಿನ ಮುಚ್ಚಳ ತೆಗೆದು ಒಳಗೆ ಇರೋದು ನಿಜಕ್ಕೂ ಏನು ಅಂತ ಯಾರೂ ನೋಡಿರಲ್ಲ.

ಮೊದಲಿಂದ ಹೇಳ್ತೀನಿ.

1856. ಫ್ರಾನ್ಸ್‌ನ ರಸಾಯನ ವಿಜ್ಞಾನಿ ಷಾರ್ಲ್ ಅಡಾಲ್ಫ್ ವುರ್ಟ್ಸ್ ಈ ದ್ರವವನ್ನ ಮೊದಲ ಬಾರಿ ತಯಾರಿಸಿದ. ಆಗ ಎರಡು ಪದಾರ್ಥ ಎಲ್ಲರಿಗೂ ಗೊತ್ತಿತ್ತು. ಒಂದು ಆಲ್ಕೋಹಾಲ್. ಇನ್ನೊಂದು ಗ್ಲಿಸರಿನ್, ಸಾಬೂನು ಮಾಡುವಾಗ ಎಣ್ಣೆ, ಕೊಬ್ಬಿನಿಂದ ಬರೋ ಸಿಹಿ ದ್ರವ. ವುರ್ಟ್ಸ್‌ಗೆ ಸಿಕ್ಕಿದ್ದು ಇವೆರಡರ ನಡುವಿನ ಗುಣದ್ದು. ಹಾಗಾಗಿ ಗ್ಲಿಸರಿನ್‌ನ ತಲೆ, ಆಲ್ಕೋಹಾಲ್‌ನ ಬಾಲ ಸೇರಿಸಿ ಗ್ಲೈಕಾಲ್ ಅಂತ ಹೆಸರಿಟ್ಟ. ನನಗೆ ಈ ನಾಮಕರಣ ಯಾವಾಗಲೂ ವಿಚಿತ್ರ ಅನ್ಸುತ್ತೆ. ಮುಂದೆ ಆಗೋ ಅನಾಹುತವೆಲ್ಲ ಆ ಹೆಸರಲ್ಲೇ ಇದೆ: ನೋಡೋಕೆ, ರುಚಿಗೆ ಗ್ಲಿಸರಿನ್ ಥರ. ಹೊಟ್ಟೆಗೆ ಹೋದ್ರೆ ನಮ್ಮ ದೇಹ ಅದನ್ನ ಆಲ್ಕೋಹಾಲ್ ಅಂದ್ಕೊಳ್ಳುತ್ತೆ.

ಅರವತ್ತು ವರ್ಷ ಇದು ಪ್ರಯೋಗಾಲಯದ ಕಪಾಟಿನಲ್ಲೇ ಇತ್ತು, ಯಾರಿಗೂ ಬೇಕಿರಲಿಲ್ಲ. ಹೊರಗೆ ತಂದಿದ್ದು ಯುದ್ಧ. ಮೊದಲನೇ ಮಹಾಯುದ್ಧದಲ್ಲಿ ಜರ್ಮನಿಗೆ ಗ್ಲಿಸರಿನ್ ಸಾಲಲಿಲ್ಲ. ಗ್ಲಿಸರಿನ್ ಇಲ್ಲದೆ ನೈಟ್ರೋಗ್ಲಿಸರಿನ್ ಇಲ್ಲ, ಅಂದ್ರೆ ಸಿಡಿಮದ್ದು ಇಲ್ಲ. ಬದಲಿಯಾಗಿ ಬಂದಿದ್ದು ಗ್ಲೈಕಾಲ್. ಯುದ್ಧ ಮುಗಿದ ಮೇಲೂ ಡೈನಮೈಟ್ ಕಂಪನಿಗಳು ಇದನ್ನ ಬಿಡಲಿಲ್ಲ, ಅದಕ್ಕೆ ಒಳ್ಳೆ ಕಾರಣ ಇತ್ತು. ಬರೀ ನೈಟ್ರೋಗ್ಲಿಸರಿನ್ 13 ಡಿಗ್ರಿಯಲ್ಲೇ ಗಟ್ಟಿಯಾಗುತ್ತೆ. ನಮ್ಮಲ್ಲಿ ಅದು ಡಿಸೆಂಬರ್ ಬೆಳಗಿನ ಚಳಿ, ಅಮೆರಿಕದ ಗಣಿಗಳಲ್ಲಿ ಅದು ಚಳಿಯೇ ಅಲ್ಲ. ಹೆಪ್ಪುಗಟ್ಟಿದ ಡೈನಮೈಟನ್ನ ಕರಗಿಸೋಕೆ ಹೋಗಿ ಎಷ್ಟೋ ಗಣಿ ಕಾರ್ಮಿಕರು ಸತ್ತಿದ್ದಾರೆ. ಗ್ಲೈಕಾಲ್‌ನಿಂದ ಮಾಡಿದ ಸ್ಫೋಟಕ ಬೆರೆಸಿದ್ರೆ ಅದು ಹೆಪ್ಪುಗಟ್ಟಲ್ಲ. ಅಂದ್ರೆ ಈ ದ್ರವ ಜೀವ ಉಳಿಸಿದ್ದೂ ಇದೆ, ಅದನ್ನೂ ಹೇಳಬೇಕಲ್ಲ.

1925ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ದೊಡ್ಡ ಪ್ರಮಾಣದ ಕಾರ್ಖಾನೆ ಶುರುವಾಯ್ತು. ನಡೆಸ್ತಾ ಇದ್ದಿದ್ದು ಯೂನಿಯನ್ ಕಾರ್ಬೈಡ್‌ನ ಅಂಗಸಂಸ್ಥೆ. ಹೌದು, ಭೋಪಾಲ್‌ನಿಂದಾಗಿ ನಾವು ಮರೆಯಲಾರದ ಅದೇ ಹೆಸರು. 1927ರಲ್ಲಿ ಪ್ರೆಸ್ಟೋನ್ ಅನ್ನೋ ಬ್ರ್ಯಾಂಡ್ ಹೆಸರಲ್ಲಿ ಕಾರಿನ ಆ್ಯಂಟಿಫ್ರೀಜ್ ಆಗಿ ಮಾರುಕಟ್ಟೆಗೆ ಬಂತು.

ಆ್ಯಂಟಿಫ್ರೀಜ್ ಹೇಗೆ ಕೆಲಸ ಮಾಡುತ್ತೆ ಅಂತ ಎರಡು ಮಾತು. ಶುದ್ಧ ಗ್ಲೈಕಾಲ್ ಮೈನಸ್ 13 ಡಿಗ್ರಿಗೆ ಹೆಪ್ಪುಗಟ್ಟುತ್ತೆ, ನೀರು ಸೊನ್ನೆಗೆ. ಆದ್ರೆ ಎರಡನ್ನೂ ಸಮ ಸಮ ಬೆರೆಸಿ ನೋಡಿ, ಮೈನಸ್ 35ರ ಕೆಳಗೂ ದ್ರವವಾಗೇ ಇರುತ್ತೆ! ನೀರಿನ ಕಣಗಳು ಸಾಲಾಗಿ ಕೂತು ಮಂಜುಗಡ್ಡೆ ಆಗಬೇಕು, ಗ್ಲೈಕಾಲ್ ಕಣಗಳು ನಡುವೆ ನುಗ್ಗಿ ಆ ಸಾಲನ್ನ ಕೆಡಿಸ್ತವೆ. ಕೈ ಕೈ ಹಿಡಿದು ಕೋಲಾಟ ಆಡೋರ ಮಧ್ಯೆ ಯಾರೋ ಬಂದು ನಿಂತ ಹಾಗೆ. ಬೆಂಗಳೂರಲ್ಲಿ ಯಾವ ರೇಡಿಯೇಟರ್ ಹೆಪ್ಪುಗಟ್ಟುತ್ತೆ ಸ್ವಾಮಿ ಅಂತ ಕೇಳಬಹುದು. ಇಲ್ಲಿ ಇದರ ಕೆಲಸ ಉಲ್ಟಾ. ಗ್ಲೈಕಾಲ್ ಕುದಿಯೋದು 197 ಡಿಗ್ರಿಗೆ. ನೀರಿಗೆ ಬೆರೆಸಿದ್ರೆ ನೀರಿನ ಕುದಿಯೂ ಮೇಲೆ ಹೋಗುತ್ತೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಮುಕ್ಕಾಲು ಗಂಟೆ ನಿಂತ ಎಂಜಿನ್‌ಗೆ ಅದು ಬೇಕೇ ಬೇಕು. ಜೊತೆಗೆ ಸೇರಿಸಿರೋ ರಾಸಾಯನಿಕಗಳು ತುಕ್ಕು ತಡೀತವೆ.

ಇದೇ ಗುಣ ವಿಮಾನಕ್ಕೂ ಉಪಯೋಗಕ್ಕೆ ಬಂತು. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ಹಾರಿಸಿದ ಮರ್ಲಿನ್ ಎಂಜಿನ್ನು ತಣ್ಣಗಾಗ್ತಿದ್ದದ್ದು ಗ್ಲೈಕಾಲ್‌ನಿಂದ. ಬಿಸಿ ಹೆಚ್ಚು ತಡೆಯೋದ್ರಿಂದ ರೇಡಿಯೇಟರ್ ಚಿಕ್ಕದಾಯ್ತು, ವಿಮಾನ ಹಗುರಾಯ್ತು. ಆದ್ರೆ ಶುದ್ಧ ಗ್ಲೈಕಾಲ್ ಬೆಂಕಿ ಹೊತ್ತಿಕೊಳ್ಳುತ್ತೆ, ಗುಂಡು ತಾಗಿದ ವಿಮಾನದಲ್ಲಿ ಅದು ಪೈಲಟ್‌ಗೆ ಇನ್ನೊಂದು ಅಪಾಯ. ಆಮೇಲಿನ ಎಂಜಿನ್‌ಗಳಲ್ಲಿ ನೀರೇ ಹೆಚ್ಚು, ಗ್ಲೈಕಾಲ್ ಕಡಿಮೆ ಮಾಡಿದ್ರು. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಅನ್ನೋ ಇಬ್ಬರು ಗ್ಲೈಕಾಲ್ ಜೊತೆ ಟೆರೆಫ್ತಾಲಿಕ್ ಆಮ್ಲ ಸೇರಿಸಿ ನೂಲು ತೆಗೆದ್ರು. ಅದೇ ಟೆರಿಲೀನ್, ನಮ್ಮ ಅಪ್ಪಂದಿರ ಕಾಲದ ಟೆರಿಕಾಟ್ ಪ್ಯಾಂಟಿನ ಮೂಲ. 1973ರಲ್ಲಿ ಅದೇ ಪದಾರ್ಥದ ಬಾಟಲಿಗೆ ಪೇಟೆಂಟ್ ಸಿಕ್ತು. ಹಾಗಾದ್ರೆ ಬಾಟಲಿ ನೀರು ವಿಷನಾ? ಅಲ್ಲ. ಬಾಟಲಿಯಲ್ಲಿ ಗ್ಲೈಕಾಲ್ ಗ್ಲೈಕಾಲ್ ಆಗಿ ಉಳಿದಿರಲ್ಲ, ಬೇರೊಂದು ಅಣುವಿನ ಭಾಗವಾಗಿ ಕಟ್ಟಿಹಾಕಲಾಗಿರುತ್ತೆ. ಈ ವಾಟ್ಸ್ಆ್ಯಪ್ ಫಾರ್ವರ್ಡ್ ದಯವಿಟ್ಟು ಶುರು ಮಾಡಬೇಡಿ.

ಈಗ ತಮ್ಮನ ವಿಷಯ. ಎಥಿಲೀನ್ ಗ್ಲೈಕಾಲ್ ಮಾಡೋ ವಿಧಾನ ಸುಲಭವಾಗಿ ಹೇಳೋದಾದ್ರೆ ಎಥಿಲೀನ್ ಆಕ್ಸೈಡ್ ಅನ್ನೋ ಅನಿಲಕ್ಕೆ ನೀರು ಕೂಡಿಸೋದು. ಆಗ ಹೆಚ್ಚು ಪಾಲು ಎಥಿಲೀನ್ ಗ್ಲೈಕಾಲ್ ಬರುತ್ತೆ. ಜೊತೆಗೆ ಹತ್ತರಲ್ಲಿ ಒಂದು ಪಾಲಿನಷ್ಟು, ಬೇಕೋ ಬೇಡವೋ, ಡೈಎಥಿಲೀನ್ ಗ್ಲೈಕಾಲ್ ಬಂದೇ ಬರುತ್ತೆ. ಅಕ್ಕಿ ಗಿರಣಿಯಲ್ಲಿ ತೌಡು ಬಂದ ಹಾಗೆ. ತೌಡಿನ ಹಾಗೇ ಇದೂ ಅಗ್ಗ. ರಾಳ, ಬಣ್ಣ, ನೈಸರ್ಗಿಕ ಅನಿಲ ಒಣಗಿಸೋದು, ಹೀಗೆ ಇದಕ್ಕೆ ನ್ಯಾಯವಾದ ಕೆಲಸ ಬೇಕಾದಷ್ಟಿದೆ. ಸಮಸ್ಯೆ ಏನಂದ್ರೆ ಡ್ರಮ್ಮಿನ ಪಕ್ಕದಲ್ಲಿ ಇನ್ನೆರಡು ಡ್ರಮ್ ಇಟ್ಟು ನೋಡಿದ್ರೆ, ಒಂದರಲ್ಲಿ ಔಷಧಿಗೆ ಹಾಕೋ ಗ್ಲಿಸರಿನ್, ಇನ್ನೊಂದರಲ್ಲಿ ಔಷಧಿಗೇ ಹಾಕೋ ಪ್ರೊಪಿಲೀನ್ ಗ್ಲೈಕಾಲ್, ಕಣ್ಣಿಗೆ ಮೂರೂ ಒಂದೇ. ಮೂರೂ ಮಂದ, ಮೂರೂ ತಿಳಿ, ಮೂರೂ ಸಿಹಿ. ಬೆಲೆ ಮಾತ್ರ ಬೇರೆ.

ದೇಹದೊಳಗೆ ಏನಾಗುತ್ತೆ? ಎಥಿಲೀನ್ ಗ್ಲೈಕಾಲ್ ತಾನಾಗೇ ದೊಡ್ಡ ವಿಷ ಅಲ್ಲ. ಅದನ್ನ ವಿಷ ಮಾಡೋದು ನಮ್ಮದೇ ಲಿವರ್. ಲಿವರ್‌ನಲ್ಲಿ ಆಲ್ಕೋಹಾಲ್ ಒಡೆಯೋ ಒಂದು ಕಿಣ್ವ ಇದೆ. ಅದು ಗ್ಲೈಕಾಲನ್ನೂ ಒಡೆಯುತ್ತೆ. ಹಂತ ಹಂತವಾಗಿ ಆಮ್ಲಗಳು ಹುಟ್ಟುತ್ತವೆ, ಕೊನೆಗೆ ಆಕ್ಸಾಲಿಕ್ ಆಮ್ಲ. ಅದು ರಕ್ತದ ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗುತ್ತೆ. ಕೆಸುವಿನ ಎಲೆ ಹೆಚ್ಚುವಾಗ ಕೈ ತುರಿಸುತ್ತಲ್ಲ, ಸುವರ್ಣಗೆಡ್ಡೆ ಸರಿಯಾಗಿ ಬೇಯದಿದ್ರೆ ಗಂಟಲು ಕೆರೆಯುತ್ತಲ್ಲ? ಅದಕ್ಕೆ ಕಾರಣ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳು. ಪತ್ರೊಡೆಗೆ ಹುಣಸೆಹುಳಿ ಧಾರಾಳವಾಗಿ ಹಾಕೋದು ಆ ತುರಿಕೆ ಹೊಡೆಯೋಕೇ. ಅದೇ ರಾಸಾಯನಿಕದ ಹರಳು ಕಿಡ್ನಿಯ ಕೂದಲೆಳೆಯಷ್ಟು ಸಣ್ಣ ಕೊಳವೆಗಳಲ್ಲಿ ತುಂಬಿಕೊಂಡ್ರೆ ಏನಾಗಬಹುದು ಅಂತ ಊಹಿಸಿ. ಡೈಎಥಿಲೀನ್ ಗ್ಲೈಕಾಲ್‌ನಿಂದ ಹುಟ್ಟೋ ಆಮ್ಲ ಬೇರೆ, ಆದ್ರೆ ಅದೂ ಹೋಗಿ ಕೂರೋದು ಕಿಡ್ನಿಯಲ್ಲೇ. ಮೊದಲು ವಾಂತಿ, ಹೊಟ್ಟೆನೋವು. ಒಂದೆರಡು ದಿನದಲ್ಲಿ ಮೂತ್ರ ನಿಲ್ಲುತ್ತೆ. ಆಮೇಲೆ ನರಗಳಿಗೆ ಏಟು, ಪಾರ್ಶ್ವವಾಯುವಿನಂಥ ಲಕ್ಷಣ.

ಎಥಿಲೀನ್ ಗ್ಲೈಕಾಲ್ ಕುಡಿದವರಿಗೆ ಹಿಂದೆ ಆಸ್ಪತ್ರೆಗಳಲ್ಲಿ ಕೊಡ್ತಿದ್ದ ಮದ್ದು ಆಲ್ಕೋಹಾಲ್! ಕಿಣ್ವ ಆಲ್ಕೋಹಾಲ್ ಒಡೆಯೋದ್ರಲ್ಲಿ ಮಗ್ನವಾದ್ರೆ ಗ್ಲೈಕಾಲ್ ಹಾಗೇ ಮೂತ್ರದಲ್ಲಿ ಹೊರಗೆ ಹೋಗುತ್ತೆ ಅನ್ನೋ ಲೆಕ್ಕ. ಈಗ ಫೋಮೆಪಿಝೋಲ್ ಅನ್ನೋ ಔಷಧಿ ಇದೆ, ಡಯಾಲಿಸಿಸ್ ಇದೆ. ಎರಡೂ ಬೇಗ ಸಿಗಬೇಕು. ಇದನ್ನ ಕೇಳಿ ಯಾರೂ ಮನೆಯಲ್ಲಿ ವೈದ್ಯ ಮಾಡಬೇಡಿ, ಅನುಮಾನ ಇದ್ರೆ ಸೀದಾ ಆಸ್ಪತ್ರೆ. ಹಾಗೇ ಉಳಿದ ಕೂಲೆಂಟನ್ನ ಹಳೇ ಕೂಲ್‌ಡ್ರಿಂಕ್ಸ್ ಬಾಟಲಿಗೆ ತುಂಬಿ ಮೂಲೇಲಿ ಇಡಬೇಡಿ. ಸಿಹಿ ಅಂತ ಮಕ್ಕಳೂ ಕುಡೀತವೆ, ನಾಯಿ ಬೆಕ್ಕೂ ನೆಕ್ಕುತ್ತವೆ.

ಸರಿ, 1937ಕ್ಕೆ ಬರೋಣ. ಪೆನಿಸಿಲಿನ್ ಇನ್ನೂ ಅಂಗಡಿಗೆ ಬಂದಿಲ್ಲ. ಸಲ್ಫಾನಿಲಮೈಡ್ ಅನ್ನೋ ಹೊಸ ಔಷಧಿ ಸೋಂಕುಗಳ ಮೇಲೆ ಪವಾಡದ ಥರ ಕೆಲಸ ಮಾಡ್ತಾ ಇದೆ. ಮಾತ್ರೆ ಇದೆ, ಪುಡಿ ಇದೆ, ದ್ರವ ಇಲ್ಲ. ಯಾಕಂದ್ರೆ ಅದು ನೀರಲ್ಲಿ ಸರಿಯಾಗಿ ಕರಗಲ್ಲ, ಆಲ್ಕೋಹಾಲ್‌ನಲ್ಲೂ ಕಷ್ಟ. ಟೆನೆಸ್ಸಿಯ ಮ್ಯಾಸೆಂಗಿಲ್ ಕಂಪನಿಯ ಮುಖ್ಯ ರಸಾಯನತಜ್ಞ ಹೆರಾಲ್ಡ್ ವಾಟ್ಕಿನ್ಸ್ ಹುಡುಕಿ ಹುಡುಕಿ ಅದು ಕರಗೋ ಒಂದು ದ್ರವ ಕಂಡುಹಿಡಿದ. ಡೈಎಥಿಲೀನ್ ಗ್ಲೈಕಾಲ್. ರಾಸ್ಪ್‌ಬೆರಿ ಸುವಾಸನೆ ಹಾಕಿದ. ಕಂಪನಿಯ ಪ್ರಯೋಗಾಲಯ ಬಣ್ಣ ನೋಡ್ತು, ರುಚಿ ನೋಡ್ತು, ಘಮ ನೋಡ್ತು, ಪಾಸ್ ಮಾಡ್ತು. ವಿಷವೋ ಅಲ್ಲವೋ ಅಂತ ನೋಡಲಿಲ್ಲ. ನೋಡಲೇಬೇಕು ಅಂತ ಆಗ ಕಾನೂನೂ ಇರಲಿಲ್ಲ. ಗ್ಲೈಕಾಲ್‌ಗಳು ಪ್ರಾಣಿಗಳ ಕಿಡ್ನಿ ಕೆಡಿಸ್ತವೆ ಅನ್ನೋ ಒಂದೆರಡು ವರದಿ ವಿಜ್ಞಾನ ಪತ್ರಿಕೆಗಳಲ್ಲಿ ಆಗಲೇ ಬಂದಿದ್ದವು. ನಾಲ್ಕು ಇಲಿಗೆ ಕುಡಿಸಿದ್ರೆ ವಾರದಲ್ಲಿ ಗೊತ್ತಾಗ್ತಿತ್ತು.

240 ಗ್ಯಾಲನ್, ಅಂದ್ರೆ ಸುಮಾರು 900 ಲೀಟರ್ ತಯಾರಾಗಿ ದೇಶದ ಉದ್ದಗಲಕ್ಕೆ ಹೋಯ್ತು. ಅಕ್ಟೋಬರ್‌ನಲ್ಲಿ ಒಕ್ಲಹಾಮಾ ರಾಜ್ಯದ ತುಲ್ಸಾ ಊರಿನ ವೈದ್ಯರು ಗಮನಿಸಿದ್ರು: ಗಂಟಲುನೋವಿಗೆ ಅಂತ ಬಂದ ಮಕ್ಕಳು ಮೂತ್ರ ನಿಂತು ಸಾಯ್ತಾ ಇದ್ದಾರೆ. ಅವರು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ಗೆ ತಿಳಿಸಿದ್ರು, ಬಾಟಲಿಯಲ್ಲಿ ಏನಿದೆ ಅಂತ ಅಲ್ಲಿ ಪತ್ತೆಯಾಯ್ತು. ಆಹಾರ ಮತ್ತು ಔಷಧ ಇಲಾಖೆ, ಎಫ್‌ಡಿಎ, ತನ್ನ ಹೆಚ್ಚುಕಮ್ಮಿ ಎಲ್ಲ ಇನ್‌ಸ್ಪೆಕ್ಟರ್‌ಗಳನ್ನೂ ರಸ್ತೆಗಿಳಿಸ್ತು. ಫೋನ್ ಅಪರೂಪದ ಕಾಲ. ಸೇಲ್ಸ್‌ಮನ್‌ಗಳನ್ನ ಹುಡುಕಿ, ಅಂಗಡಿಯ ಪುಸ್ತಕ ತೆಗೆಸಿ, ಡಾಕ್ಟರ ಚೀಟಿ ಹಿಡಿದು ಮನೆ ಮನೆಗೆ ಹೋದ್ರು. ಕೆಲವು ಚೀಟಿಯಲ್ಲಿ ಬರೀ ಹೆಸರು, ವಿಳಾಸ ಇಲ್ಲ. ಹಾಗೂ ಹೀಗೂ 234 ಗ್ಯಾಲನ್ ಹಿಡಿದ್ರು. ಉಳಿದ ಆರೇ ಆರು ಗ್ಯಾಲನ್ನು ನೂರಕ್ಕೂ ಹೆಚ್ಚು ಜನರನ್ನ ಕೊಂದಿತ್ತು. ಅದರಲ್ಲಿ 34 ಮಕ್ಕಳು.

ಈ ಕಥೆಯಲ್ಲಿ ನನಗೆ ಹೊಟ್ಟೆ ಉರಿಸೋ ಭಾಗ ಇದು. ಎಫ್‌ಡಿಎಗೆ ಔಷಧಿ ಜಪ್ತಿ ಮಾಡೋ ಅಧಿಕಾರ ಸಿಕ್ಕಿದ್ದು ಅದು ವಿಷ ಅನ್ನೋ ಕಾರಣಕ್ಕಲ್ಲ. ಬಾಟಲಿ ಮೇಲೆ ಎಲಿಕ್ಸಿರ್ ಅಂತ ಬರೆದಿತ್ತು. ಎಲಿಕ್ಸಿರ್ ಅಂದ್ರೆ ಆಲ್ಕೋಹಾಲ್ ಇರಬೇಕು, ಇದರಲ್ಲಿ ಇರಲಿಲ್ಲ. ಹಾಗಾಗಿ ತಪ್ಪು ಲೇಬಲ್ ಅನ್ನೋ ಕೇಸು. ದ್ರಾವಣ ಅಂತ ಬರೆದಿದ್ರೆ ಆ ಕೇಸೂ ನಿಲ್ತಿರಲಿಲ್ಲ. ಕಂಪನಿಯ ಮಾಲೀಕ ನಮ್ಮ ಕಡೆಯಿಂದ ಯಾವ ಹೊಣೆಗೇಡಿತನವೂ ಆಗಿಲ್ಲ ಅನ್ನೋ ಅರ್ಥದ ಹೇಳಿಕೆ ಕೊಟ್ಟ, 26 ಸಾವಿರ ಡಾಲರ್ ಚಿಲ್ಲರೆ ದಂಡ ಕಟ್ಟಿದ. ಪುಟ್ಟ ಮಗಳನ್ನ ಕಳಕೊಂಡ ತುಲ್ಸಾದ ತಾಯಿಯೊಬ್ಬಳು ಅಧ್ಯಕ್ಷ ರೂಸ್‌ವೆಲ್ಟ್‌ಗೆ ಪತ್ರ ಬರೆದಳು. ವರ್ಷಗಳಿಂದ ಸಂಸತ್ತಿನಲ್ಲಿ ಕೊಳೀತಾ ಇದ್ದ ಮಸೂದೆ ಎದ್ದು ಕೂತು 1938ರಲ್ಲಿ ಕಾನೂನಾಯ್ತು: ಮಾರೋಕೆ ಮುಂಚೆ ಔಷಧಿ ಸುರಕ್ಷಿತ ಅಂತ ತೋರಿಸಬೇಕು.

ಒಂದು ಕೊಂಡಿ ಹೇಳಿ ಮುಂದೆ ಹೋಗ್ತೀನಿ. ಆ ಎಲಿಕ್ಸಿರ್ ಪರೀಕ್ಷಿಸಿದ ಷಿಕಾಗೋ ಪ್ರಯೋಗಾಲಯದಲ್ಲಿ ಫ್ರಾನ್ಸೆಸ್ ಓಲ್ಡಮ್ ಅನ್ನೋ ವಿದ್ಯಾರ್ಥಿನಿ ಇದ್ದಳು. ಮದುವೆ ಆದ ಮೇಲೆ ಫ್ರಾನ್ಸೆಸ್ ಕೆಲ್ಸಿ. 1960ರಲ್ಲಿ ಎಫ್‌ಡಿಎ ಸೇರಿದಾಗ ಥ್ಯಾಲಿಡೊಮೈಡ್ ಅನ್ನೋ ಔಷಧಿಯ ಕಡತ ಅವರ ಮೇಜಿಗೆ ಬಂತು. ಕಂಪನಿ ಎಷ್ಟು ಒತ್ತಡ ಹಾಕಿದ್ರೂ ಪುರಾವೆ ಸಾಲದು ಅಂತ ಸಹಿ ಹಾಕಲಿಲ್ಲ. ಯುರೋಪಿನಲ್ಲಿ ಆ ಔಷಧಿಯಿಂದ ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದ್ರು.

ಈಗ ನಮ್ಮ ದೇಶ. 1970ರ ದಶಕದ ಆರಂಭದಲ್ಲೇ ಮದ್ರಾಸಿನಲ್ಲಿ ಮಕ್ಕಳು ಇದೇ ವಿಷಕ್ಕೆ ಬಲಿಯಾಗಿದ್ರು. ಆದ್ರೆ ದೇಶ ಬೆಚ್ಚಿದ್ದು 1986ರಲ್ಲಿ, ಮುಂಬೈಯ ಜೆಜೆ ಆಸ್ಪತ್ರೆಯಲ್ಲಿ. ಅಲ್ಲಿ ಕೆಮ್ಮಿನ ಸಿರಪ್ ಅಲ್ಲ, ಗ್ಲಿಸರಿನ್ನೇ ಔಷಧಿ. ಮಿದುಳಿನ, ಕಣ್ಣಿನ ಒತ್ತಡ ಇಳಿಸೋಕೆ ರೋಗಿಗಳಿಗೆ ಅದನ್ನ ಕುಡಿಸ್ತಾರೆ. ಕಣ್ಣಿನ ತೊಂದರೆಗೆ, ತಲೆಯ ಶಸ್ತ್ರಚಿಕಿತ್ಸೆಗೆ ಅಂತ ಬಂದವರಿಗೆ ಇದ್ದಕ್ಕಿದ್ದಂತೆ ಕಿಡ್ನಿ ಕೈಕೊಟ್ಟಿತು. 14 ಜನ ಸತ್ರು. ಗ್ಲಿಸರಿನ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಇತ್ತು. ಕಾರ್ಖಾನೆಗೆ ಹೋಗೋ ದರ್ಜೆಯ ಮಾಲು ಕೈಯಿಂದ ಕೈಗೆ ದಾಟಿ ಆಸ್ಪತ್ರೆಯ ಉಗ್ರಾಣಕ್ಕೆ ಬಂದು ಸೇರಿತ್ತು.

ನ್ಯಾಯಮೂರ್ತಿ ಬಖ್ತಾವರ್ ಲೆಂಟಿನ್ ನೇತೃತ್ವದಲ್ಲಿ ತನಿಖಾ ಆಯೋಗ ಕೂತಿತು. ಲೆಂಟಿನ್ ಬಿಟ್ಟವರಲ್ಲ. ಸರಬರಾಜುದಾರನಿಂದ ಹಿಡಿದು ಆಸ್ಪತ್ರೆಯ ಖರೀದಿ, ರಾಜ್ಯದ ಔಷಧ ನಿಯಂತ್ರಣ ಇಲಾಖೆ, ಮಂತ್ರಿಗಳ ಕಚೇರಿ ತನಕ ಎಳೆ ಹಿಡಿದು ಹೋದ್ರು. ವರದಿ ಹೊರಗೆ ಬಂದಾಗ ಮಹಾರಾಷ್ಟ್ರದ ಆರೋಗ್ಯ ಸಚಿವರಾಗಿದ್ದ ಭಾಯಿ ಸಾವಂತ್ ರಾಜೀನಾಮೆ ಕೊಡಬೇಕಾಯ್ತು. ಮುಂಬೈಯ ನರಶಸ್ತ್ರಚಿಕಿತ್ಸಕ ಸುನೀಲ್ ಪಂಡ್ಯ 1988ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದರ ಬಗ್ಗೆ ಬರೆದ್ರು. ಅಷ್ಟೆಲ್ಲ ಆದ ಮೇಲೆ ಇನ್ನು ಹೀಗಾಗಲ್ಲ ಅಂತ ಯಾರಾದ್ರೂ ಅಂದ್ಕೊಂಡಿದ್ರೆ ಅವರನ್ನ ದೂರೋ ಹಾಗಿಲ್ಲ. ಹತ್ತು ಹನ್ನೆರಡು ವರ್ಷದಲ್ಲೇ, 1998ರಲ್ಲಿ, ಗುರುಗ್ರಾಮದಲ್ಲಿ 33 ಮಕ್ಕಳು. ಪಕ್ಕದ ಢಾಕಾದಲ್ಲಿ 1990ರ ದಶಕದ ಆರಂಭದಲ್ಲಿ ಜ್ವರದ ಪ್ಯಾರಸಿಟಮಾಲ್ ಸಿರಪ್‌ನಿಂದ ನೂರಾರು. ಹೈಟಿಯಲ್ಲಿ 1996ರ ಸುಮಾರಿಗೆ 80ಕ್ಕೂ ಹೆಚ್ಚು ಮಕ್ಕಳು.

ಮಧ್ಯೆ ಒಂದು ಸಾವಿಲ್ಲದ ಕಥೆಯೂ ಇದೆ, ಸ್ವಲ್ಪ ಉಸಿರಾಡೋಣ. 1985ರಲ್ಲಿ ಆಸ್ಟ್ರಿಯಾದ ಕೆಲವು ವೈನ್ ವ್ಯಾಪಾರಿಗಳು ಹುಳಿ ವೈನಿಗೆ ಮೈ ತುಂಬಿಸೋಕೆ, ಸಿಹಿ ತರಿಸೋಕೆ ಇದೇ ಡೈಎಥಿಲೀನ್ ಗ್ಲೈಕಾಲ್ ಸುರಿದು ಸಿಕ್ಕಿಬಿದ್ರು. ಯಾರೂ ಸಾಯಲಿಲ್ಲ, ಆದ್ರೆ ದೇಶದ ವೈನ್ ರಫ್ತು ಕುಸಿದುಬಿತ್ತು. ಯುರೋಪಿನಲ್ಲೇ ಅತಿ ಬಿಗಿಯಾದ ವೈನ್ ಕಾನೂನುಗಳಲ್ಲಿ ಒಂದನ್ನ ಅದೇ ವರ್ಷ ತಂದ್ರು.

ಮಕ್ಕಳೇ ಯಾಕೆ ಹೆಚ್ಚು ಸಾಯ್ತಾರೆ ಅಂತ ಕೇಳಬಹುದು. ಮಕ್ಕಳು ಮಾತ್ರೆ ನುಂಗಲ್ಲ, ಅವರಿಗೆ ಸಿರಪ್ಪೇ ಆಗಬೇಕು. ಪ್ಯಾರಸಿಟಮಾಲ್ ನೀರಲ್ಲಿ ಅಷ್ಟು ಚೆನ್ನಾಗಿ ಕರಗಲ್ಲ. ಕರಗಿಸೋಕೆ ಗ್ಲಿಸರಿನ್ನೋ ಪ್ರೊಪಿಲೀನ್ ಗ್ಲೈಕಾಲ್ಲೋ ಬೇಕು. 1937ರಲ್ಲಿ ವಾಟ್ಕಿನ್ಸ್‌ಗೆ ಇದ್ದ ತೊಡಕೇ ಇವತ್ತಿಗೂ ಇದೆ. ಒಂದೇ ವ್ಯತ್ಯಾಸ: ವಾಟ್ಕಿನ್ಸ್ ಬೇಕಂತಲೇ ಆ ದ್ರವ ಆರಿಸಿದ. ಆಮೇಲಿನವರ ಡ್ರಮ್ಮಿನ ಮೇಲೆ ಬೇರೆ ಹೆಸರಿತ್ತು.

ಡ್ರಮ್ಮಿನ ಹೆಸರು ಹೇಗೆ ಬದಲಾಗುತ್ತೆ ಅನ್ನೋದಕ್ಕೆ ಪನಾಮಾ ದೇಶದ ಕಥೆ ಕೇಳಬೇಕು. 2006. ಪನಾಮಾ ನಗರದ ಆಸ್ಪತ್ರೆಗೆ ವಯಸ್ಸಾದವರು ಬರ್ತಾ ಇದ್ದಾರೆ, ಮೂತ್ರ ಇಲ್ಲ, ಮೈ ಸ್ವಾಧೀನ ತಪ್ಪುತ್ತಾ ಇದೆ. ವೈದ್ಯರು ಮೊದಲು ನರಗಳ ಕಾಯಿಲೆ ಅಂದ್ಕೊಂಡ್ರು. ಆಮೇಲೆ ಬಹಳ ಜನ ಲಿಸಿನೊಪ್ರಿಲ್ ಅನ್ನೋ ಬಿಪಿ ಮಾತ್ರೆ ತಗೊಳ್ತಿದ್ರು ಅಂತ ಗೊತ್ತಾಗಿ ಅದರ ಮೇಲೆ ಅನುಮಾನ ಬಂತು. ಪತ್ತೇದಾರಿ ಕಥೆಯ ತಿರುವು ಇಲ್ಲಿದೆ. ಆ ಮಾತ್ರೆ ವಿಷ ಅಲ್ಲ. ಆದ್ರೆ ಅದರ ಒಂದು ಅಡ್ಡಪರಿಣಾಮ ಒಣಕೆಮ್ಮು. ಕೆಮ್ಮು ಬಂದವರಿಗೆ ಸರ್ಕಾರಿ ಆಸ್ಪತ್ರೆ ಸಕ್ಕರೆ ಇಲ್ಲದ ಕೆಮ್ಮಿನ ಸಿರಪ್ ಕೊಡ್ತಾ ಇತ್ತು. ವಿಷ ಇದ್ದದ್ದು ಸಿರಪ್‌ನಲ್ಲಿ.

ಸಿರಪ್ ಮಾಡಿದ್ದು ಸರ್ಕಾರದ್ದೇ ಪ್ರಯೋಗಾಲಯ. ಗ್ಲಿಸರಿನ್ ಅಂತ ಅವರು ಕೊಂಡ 46 ಡ್ರಮ್ ಬಂದಿದ್ದು ಪನಾಮಾದ ಒಬ್ಬ ವ್ಯಾಪಾರಿಯಿಂದ. ಅವನಿಗೆ ಸ್ಪೇನಿನ ಬಾರ್ಸಿಲೋನಾದ ಕಂಪನಿಯಿಂದ. ಅವರಿಗೆ ಬೀಜಿಂಗಿನ ಕಂಪನಿಯಿಂದ. ಅವರಿಗೆ ಚೀನಾದ ತೈಶಿಂಗ್ ಊರಿನ ಕಾರ್ಖಾನೆಯಿಂದ. ಆ ಕಾರ್ಖಾನೆಗೆ ಔಷಧಿ ಪದಾರ್ಥ ಮಾಡೋ ಪರವಾನಗಿಯೇ ಇರಲಿಲ್ಲ. ಅವರು ಬರೆದಿದ್ದು ಟಿಡಿ ಗ್ಲಿಸರಿನ್ ಅಂತ. ಟಿಡಿ ಅನ್ನೋದು ಚೀನೀ ಭಾಷೆಯಲ್ಲಿ ಬದಲಿ ಅನ್ನೋ ಪದದ ಮೊದಲಕ್ಷರಗಳು. ದಾರಿಯಲ್ಲಿ ಟಿಡಿ ಬಿದ್ದುಹೋಯ್ತು, ಗ್ಲಿಸರಿನ್ ಉಳೀತು. ಶೇಕಡ 99.5 ಶುದ್ಧ ಅನ್ನೋ ಪ್ರಮಾಣಪತ್ರ ಒಂದು ಕಂಪನಿಯ ಲೆಟರ್‌ಹೆಡ್‌ನಿಂದ ಇನ್ನೊಂದರ ಲೆಟರ್‌ಹೆಡ್‌ಗೆ ನಕಲಾಯ್ತು, ನಿಜವಾದ ತಯಾರಕನ ಹೆಸರು ಮಾಯವಾಯ್ತು. ಮೂರು ಖಂಡ ದಾಟಿದ ಮಾಲನ್ನ ದಾರಿಯಲ್ಲಿ ಒಬ್ಬರೂ ಪರೀಕ್ಷಿಸಲಿಲ್ಲ. ಎಲ್ಲರೂ ಕಾಗದ ಓದಿದ್ರು. ನೂರಕ್ಕೂ ಹೆಚ್ಚು ಜನ ಸತ್ತಿದ್ದು ದೃಢಪಟ್ಟಿದೆ. ಈ ಜಾಡನ್ನ ಹಿಂಬಾಲಿಸಿ ಬರೆದ ನ್ಯೂಯಾರ್ಕ್ ಟೈಮ್ಸ್ ವರದಿಗಾರರಿಗೆ 2008ರಲ್ಲಿ ಪುಲಿಟ್ಜರ್ ಬಂತು.

ಮರುವರ್ಷ ಅದೇ ಪನಾಮಾ ನಗರದಲ್ಲಿ ಒಬ್ಬ ಸಾಮಾನ್ಯ ಸರ್ಕಾರಿ ನೌಕರ ಅಂಗಡಿಯಲ್ಲಿ ಚೀನಾದ ಅಗ್ಗದ ಟೂತ್‌ಪೇಸ್ಟ್ ನೋಡ್ತಾ ನಿಂತಿದ್ದ. ಡಬ್ಬಿಯ ಮೇಲಿನ ಸಣ್ಣ ಅಕ್ಷರದಲ್ಲಿ ಡೈಎಥಿಲೀನ್ ಗ್ಲೈಕಾಲ್ ಅಂತ ಮುಚ್ಚುಮರೆ ಇಲ್ಲದೆ ಬರೆದಿತ್ತು. ಅದನ್ನ ಕೊಂಡು, ಕಚೇರಿಯಿಂದ ಕಚೇರಿಗೆ ಅಲೆದು ದೂರು ಕೊಟ್ಟ. ಆ ಒಂದು ದೂರಿನಿಂದ ಹತ್ತಾರು ದೇಶಗಳಲ್ಲಿ ಪೇಸ್ಟ್ ವಾಪಸ್ ತೆಗೆಯಬೇಕಾಯ್ತು. ಲೇಬಲ್ ಓದೋರು ಇದ್ದಾರೆ, ಅಪರೂಪ ಅಷ್ಟೇ.

ಮುಂದಿನದು ನಿಮ್ಮ ನೆನಪಿನ ಕಾಲ. 2019ರ ಕೊನೆ, 2020ರ ಶುರುವಿನಲ್ಲಿ ಜಮ್ಮುವಿನ ರಾಮನಗರದಲ್ಲಿ ಹತ್ತಕ್ಕೂ ಹೆಚ್ಚು ಮಕ್ಕಳು. 2022ರ ಅಕ್ಟೋಬರ್ 5ರಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಹೊರಡಿಸ್ತು: ಆಫ್ರಿಕಾದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳ ಸಾವು, ಹರಿಯಾಣದ ಮೇಡನ್ ಫಾರ್ಮಾಸ್ಯುಟಿಕಲ್ಸ್‌ನ ನಾಲ್ಕು ಸಿರಪ್‌ಗಳಲ್ಲಿ ಎರಡೂ ಗ್ಲೈಕಾಲ್. ಕಂಪನಿ ನಿರಾಕರಿಸ್ತು. ಇಲ್ಲಿ ಉಳಿಸಿಕೊಂಡಿದ್ದ ಮಾದರಿಗಳು ಪರೀಕ್ಷೆಯಲ್ಲಿ ಸರಿಯಾಗಿವೆ ಅಂತ ಭಾರತ ಸರ್ಕಾರ ಹೇಳ್ತು. ಅದೇ ವರ್ಷ ಇಂಡೋನೇಷ್ಯಾದಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳು, ಅಲ್ಲಿ ಸಿರಪ್ ಅವರ ದೇಶದ್ದೇ. ಉಜ್ಬೇಕಿಸ್ತಾನದಲ್ಲಿ ಮತ್ತೆ ಭಾರತದ, ನೊಯ್ಡಾದ ಕಂಪನಿಯ ಸಿರಪ್.

ಜಗತ್ತಿಗೆಲ್ಲ ಔಷಧಿ ಮಾಡಿ ಕೊಡೋರು ನಾವು ಅಂತ ಹೇಳ್ಕೊಳ್ಳೋ ದೇಶಕ್ಕೆ ಇದು ಮುಖಭಂಗ. ಸರ್ಕಾರ ಒಂದು ನಿಯಮ ತಂತು. 2023ರ ಜೂನ್ 1ರಿಂದ ವಿದೇಶಕ್ಕೆ ಹೋಗೋ ಪ್ರತಿ ಕೆಮ್ಮಿನ ಸಿರಪ್ಪೂ ಸರ್ಕಾರಿ ಪ್ರಯೋಗಾಲಯದಲ್ಲಿ ಪಾಸಾಗಿ ಪ್ರಮಾಣಪತ್ರ ಪಡೆದೇ ಹೊರಡಬೇಕು. ಸರಿಯಾದ ನಿಯಮ. ಆದ್ರೆ ಗಮನಿಸಿ, ಇದು ರಫ್ತಿಗೆ. ನಮ್ಮ ಮೆಡಿಕಲ್ ಶಾಪಿಗೆ ಬರೋ ಬಾಟಲಿಗೆ ಆ ಷರತ್ತು ಇರಲಿಲ್ಲ. ಇಲ್ಲಿಗೆ ತಯಾರಕನೇ ತನ್ನ ಕಚ್ಚಾಮಾಲು, ತನ್ನ ಸಿರಪ್ಪು ಪರೀಕ್ಷಿಸಿ ಬರೆದಿಡಬೇಕು, ಇನ್‌ಸ್ಪೆಕ್ಟರ್ ಬಂದಾಗ ತೋರಿಸಬೇಕು ಅನ್ನೋ ಹಳೇ ವ್ಯವಸ್ಥೆ. ಬಂದಾಗ ಅನ್ನೋದನ್ನ ನೀವೇ ಒತ್ತಿ ಓದ್ಕೊಳ್ಳಿ.

ಎರಡು ವರ್ಷ ಕಳೆದು ಛಿಂದ್ವಾಡಾ. ಕೋಲ್ಡ್‌ರಿಫ್ ಅನ್ನೋ ಆ ಸಿರಪ್ ತಯಾರಾಗಿದ್ದು ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯ ಸ್ರೇಸನ್ ಫಾರ್ಮಾದಲ್ಲಿ. ತಮಿಳುನಾಡು ಔಷಧ ನಿಯಂತ್ರಣ ಇಲಾಖೆ ಪರೀಕ್ಷಿಸಿದಾಗ ಅದರಲ್ಲಿ ಶೇಕಡ 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಸಿಕ್ತು. ಇರಬಹುದಾದ ಮಿತಿ ಶೇಕಡ 0.1. ಅಂದ್ರೆ ಹೆಚ್ಚುಕಮ್ಮಿ ಐನೂರು ಪಟ್ಟು, ಬಾಟಲಿಯ ಅರ್ಧದಷ್ಟು. ಕಾರ್ಖಾನೆ ಒಳಗೆ ಹೋಗಿ ನೋಡಿದ ಅಧಿಕಾರಿಗಳು ಮುನ್ನೂರಕ್ಕೂ ಹೆಚ್ಚು ಲೋಪ ಪಟ್ಟಿ ಮಾಡಿದ್ರು. ಲೈಸೆನ್ಸ್ ರದ್ದಾಯ್ತು, ಮಾಲೀಕನ ಬಂಧನ ಆಯ್ತು. ಆ ಮುನ್ನೂರು ಲೋಪ ಒಂದೇ ರಾತ್ರಿಯಲ್ಲಿ ಹುಟ್ಟಿದ್ದಲ್ಲ ಅನ್ನೋದು ನನ್ನ ಅಭಿಪ್ರಾಯ, ನಿಮಗೂ ಹಾಗೇ ಅನ್ನಿಸಬಹುದು.

ಕೊನೆಗೆ ಪರೀಕ್ಷೆ ಎಷ್ಟು ಕಷ್ಟ ಅನ್ನೋದನ್ನ ಹೇಳಿ ಮುಗಿಸ್ತೀನಿ. ಗ್ಯಾಸ್ ಕ್ರೊಮ್ಯಾಟೊಗ್ರಫಿ ಅನ್ನೋ ದುಬಾರಿ ಯಂತ್ರ ಇದ್ರೆ ನಿಖರವಾದ ಲೆಕ್ಕ ಸಿಗುತ್ತೆ. ಆದ್ರೆ ಇದೆಯೋ ಇಲ್ಲವೋ ಅಂತ ಮೊದಲು ತಿಳಿಯೋಕೆ ಅದೂ ಬೇಡ. ಶಾಲೆಯಲ್ಲಿ ಚಾಕ್‌ಪೀಸ್ ಮೇಲೆ ಶಾಯಿಯ ಚುಕ್ಕೆ ಇಟ್ಟು ನೀರಲ್ಲಿ ನಿಲ್ಲಿಸಿದ ಪ್ರಯೋಗ ಮಾಡಿದ್ರಾ? ನೀರು ಮೇಲೇರ್ತಾ ಶಾಯಿಯ ಬಣ್ಣಗಳು ಬೇರೆ ಬೇರೆ ಎತ್ತರದಲ್ಲಿ ನಿಲ್ತವೆ. ಅದೇ ತತ್ವ. ಸಿಲಿಕಾ ಲೇಪಿಸಿದ ಒಂದು ತಟ್ಟೆ, ಅದರ ಅಂಚಿನಲ್ಲಿ ಡ್ರಮ್ಮಿನಿಂದ ತೆಗೆದ ದ್ರವದ ಒಂದು ಚುಕ್ಕೆ, ಪಕ್ಕದಲ್ಲಿ ಶುದ್ಧ ಗ್ಲಿಸರಿನ್ ಮತ್ತು ಗ್ಲೈಕಾಲ್‌ಗಳ ಚುಕ್ಕೆ. ದ್ರಾವಕದಲ್ಲಿ ನಿಲ್ಲಿಸಿ ಕಾಯಬೇಕು, ಆಮೇಲೆ ಬಣ್ಣ ಬರಿಸಬೇಕು. ಗ್ಲಿಸರಿನ್ ಒಂದು ಎತ್ತರದಲ್ಲಿ, ಗ್ಲೈಕಾಲ್ ಇನ್ನೊಂದು ಎತ್ತರದಲ್ಲಿ ಕಾಣ್ತವೆ. ಗ್ಯಾಂಬಿಯಾ ಆದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಈ ವಿಧಾನವನ್ನ ಬಡ ದೇಶಗಳ ಪ್ರಯೋಗಾಲಯಕ್ಕೂ ಆಗೋ ಹಾಗೆ ಹಂತ ಹಂತವಾಗಿ ಬರೆದು ಪ್ರಕಟಿಸಿದೆ. ಕೆಲವೇ ಗಂಟೆಗಳ ಕೆಲಸ. ಒಂದು ಡ್ರಮ್ಮಿಗೆ ಒಂದು ಚುಕ್ಕೆ.

ಈ ಸಂಚಿಕೆ ಇಷ್ಟು.